ಈಜುಕೊಳದಲ್ಲಿ ಬೀಗರು

ಮನೆಯಿಂದ,
ಶನಿವಾರ, ೧೬ನೇ ತಾರೀಖು, ಮಧ್ಯಾಹ್ನ

ಪ್ರೀತಿಯ ಪುಟ್ಟಿ ಅಮ್ಮನಿಗೆ,

ಹೇಗಿದ್ದೀಯ? ಸೊಂಟ ಹೇಗಿದೆ? ಮೊಮ್ಮಗಳನ್ನು ಬಗ್ಗಿ ಎತ್ತಬೇಡ, ಕೂತು ಎತ್ತಿಕೋ ಎಂದು ಮೂರು ಪತ್ರಗಳಲ್ಲಿ ಬರೆದಿದ್ದೇನೆ. ನೀನು ಓದಿ, ನಕ್ಕು, ಬಗ್ಗಿಯೇ ಎತ್ತಿರುತ್ತೀಯ. ಕೂಸಿಗೆ ಎರಡನೇ ಹಲ್ಲು ಬಂತೇ? ಪುಟ್ಟಿಗೆ ಆಸ್ಪತ್ರೆಯಲ್ಲಿ ಇನ್ನೂ ಬೆಳಗಿನ ಪಾಳಿಯೇ? ಅಳಿಯಂದಿರ ಕೆಮ್ಮು ಹೋಯಿತೇ? ಬೀಗರ ಆರೋಗ್ಯ ವಿಚಾರಿಸುವ ಅಗತ್ಯವಿಲ್ಲ. ಅರವತ್ತಾರನೇ ವಯಸ್ಸಿನಲ್ಲಿ ಲಿಫ್ಟ್ ಬಿಟ್ಟು ಐದು ಮಹಡಿ ಹತ್ತುವವರಿಗೆ ಏನಾಗುತ್ತದೆ? ಮಗಳ ಮಾವ ಗಟ್ಟಿಯಾಗಿದ್ದರೆ ನನಗೂ ಸಂತೋಷವೇ. ಆದರೆ ಆ ಐದು ಮಹಡಿಯ ವಿಷಯ ನಿನ್ನ ಪ್ರತಿ ಪತ್ರದಲ್ಲೂ ಬರಲೇಬೇಕೆಂದಿಲ್ಲ.

ಫೋನು ಬಿಟ್ಟು ಪತ್ರ ಬರೆಯಲು ಕೂತೆನೆಂದು ಮುನಿಸಿಕೊಳ್ಳಬೇಡ. ಗರಗಸದ ಮೆಷಿನ್ನು ನನ್ನ ಕಿವಿ ತಿಂದುಹಾಕಿರುವುದು ನಿನಗೆ ಗೊತ್ತೇ ಇದೆ. ಫೋನಿನಲ್ಲಿ ನನಗೆ ಕೇಳಿಸುವುದು ಅರ್ಧ, ನಾನು ಕೂಗುವುದು ಎರಡರಷ್ಟು. ಕಾಗದದ ಮೇಲಾದರೆ ತಪ್ಪಿ ಬರೆದದ್ದನ್ನು ಗೀಟು ಎಳೆದು ಹೊಡೆದುಹಾಕಬಹುದು. ಒಂಬತ್ತು ದಿನಗಳ ಹಿಂದೆ ಫೋನಿನಲ್ಲಿ ಆಡಿದ ಮಾತಿಗೆ ಗೀಟು ಎಳೆಯಲು ಆಗುತ್ತಿಲ್ಲ. ಆ ವಿಷಯಕ್ಕೆ ಬರುತ್ತೇನೆ, ಸ್ವಲ್ಪ ತಾಳು. ಮೊದಲು ಈಜಿನ ಸುದ್ದಿ.

ಎರಡು ತಿಂಗಳ ಹಿಂದೆ ಡಾಕ್ಟರು ನನ್ನ ಮಂಡಿಯ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ‘ಇಷ್ಟು ಸವೆದಿರೋ ಮಂಡೀಲಿ ವಾಕಿಂಗ್ ಮಾಡಿ ಅಂತ ಯಾರ್ರೀ ಹೇಳಿದ್ದು?’ ಎಂದು ಗದರಿದರು. ಹೇಳಿದ್ದು ನೀನು. ನಲವತ್ತು ವರ್ಷ ಬೆಂಚಿನ ಮುಂದೆ ನಿಂತು ಊರಿಗೆಲ್ಲ ಬಾಗಿಲು ಕಿಟಕಿ ಮಾಡಿಕೊಟ್ಟವನ ಮಂಡಿ ಸವೆಯದೆ ಏನಾಗುತ್ತದೆ? ರಕ್ತದೊತ್ತಡ ಏರಿದೆ, ಹೊಟ್ಟೆ ಇಳಿಯಬೇಕು, ಮಂಡಿಯ ಮೇಲೆ ಭಾರ ಬೀಳಬಾರದು, ಆದ್ದರಿಂದ ನೀರಿಗಿಳಿಯಿರಿ ಎಂದರು. ‘ಈಜು ಬರುತ್ತಾ?’ ಎಂದು ಕೇಳಿದಾಗ ನನಗೆ ರೋಷ ಉಕ್ಕಿತು. ‘ಬರುತ್ತಾ ಅಂದ್ರೆ? ನದಿ ದಾಟ್ತಿದ್ದೆ ಡಾಕ್ಟ್ರೇ!’ ಎಂದುಬಿಟ್ಟೆ. ಅದು ಬೇಸಿಗೆಯ ನದಿ, ಅರ್ಧ ದೂರ ನಡೆದೇ ಹೋಗಬಹುದಿತ್ತು ಎಂಬುದು ನಿನ್ನೊಬ್ಬಳಿಗೇ ಗೊತ್ತು. ದಡದಲ್ಲಿ ನನ್ನ ಅಂಗಿ ಹಿಡಿದು ಕೂತಿದ್ದವಳು ನೀನೇ ತಾನೆ?

ಇಪ್ಪತ್ತೆಂಟು ವರ್ಷಗಳ ಮೇಲೆ ಕೊಳಕ್ಕೆ ಇಳಿದರೆ ನೀರು ನನ್ನ ಗುರುತೇ ಹಿಡಿಯಲಿಲ್ಲ. ಕೈ ಒಂದು ಕಡೆ, ಕಾಲು ಒಂದು ಕಡೆ, ಮೂಗಿನ ತುಂಬ ನೀರು. ಈಜು ಕಲಿಸುವ ಮೇಡಂ ನಿನ್ನ ವಯಸ್ಸಿನವರು, ಕೊರಳಲ್ಲಿ ಸೀಟಿ. ಅವರ ದನಿ ಸೀಟಿಗಿಂತ ಜೋರು, ನನಗೂ ಸಲೀಸಾಗಿ ಕೇಳಿಸುತ್ತದೆ. ಅವರು ಮಕ್ಕಳು ಹಿಡಿದುಕೊಳ್ಳುವ ತೇಲುವ ಹಲಗೆಯೊಂದನ್ನು ನನ್ನ ಕೈಗೆ ಕೊಟ್ಟರು. ಜೀವಮಾನವೆಲ್ಲ ಹಲಗೆ ಹೊತ್ತವನನ್ನು ಕಡೆಗೂ ಒಂದು ಹಲಗೆ ಹೊತ್ತಿತು! ಹದಿನೈದು ದಿನ ಅದನ್ನು ತಬ್ಬಿಕೊಂಡು ಕಾಲು ಬಡಿದೆ. ಆಮೇಲೆ ಕೊಳದ ಅರ್ಧದವರೆಗೆ ಹಲಗೆಯಿಲ್ಲದೆ ಹೋಗುವಷ್ಟಾದೆ. ಬಿಗಿ ಟೋಪಿಯಿಂದ ಹಣೆಯ ಮೇಲೆ ಗೀಟು ಬೀಳುತ್ತದೆ, ಮಧ್ಯಾಹ್ನದವರೆಗೂ ಹೋಗುವುದಿಲ್ಲ. ಅಂಗಡಿಗೆ ಬಂದವರು ಏನಾಯಿತೆಂದು ಕೇಳುತ್ತಾರೆ. ಬೆಲ್ಟಿನಲ್ಲಿ ಎರಡು ತೂತು ಒಳಗೆ ಬಂದಿದ್ದೇನೆ. ನಿನಗೆ ತೋರಿಸಬೇಕೆಂದು ಎಷ್ಟು ಆಸೆಪಟ್ಟೆ ಗೊತ್ತೇ? ಅಷ್ಟರಲ್ಲಿ ನಿನ್ನ ಪತ್ರ ಬಂತು. ಅದರಲ್ಲಿ ಒಂದು ಸಾಲು ನನ್ನ ಮಂಡಿಯ ಬಗ್ಗೆ, ಎರಡು ಹಾಳೆ ಬೀಗರ ಜೊತೆ ನೋಡಿದ ಸಿನಿಮಾದ ಬಗ್ಗೆ.

ಇದನ್ನು ಬಿಚ್ಚಿಯೇ ಹೇಳಿಬಿಡುತ್ತೇನೆ. ಬೀಗರು ಮೂವತ್ತು ವರ್ಷ ಚಿತ್ರಮಂದಿರದಲ್ಲಿ ಪ್ರೊಜೆಕ್ಟರ್ ಓಡಿಸಿದವರು, ಹೆಂಡತಿಯನ್ನು ಕಳೆದುಕೊಂಡವರು, ಒಳ್ಳೆಯ ಮನುಷ್ಯ. ಎಲ್ಲ ಸರಿ. ಭಾನುವಾರ ಅಳಿಯಂದಿರು ಮಗುವನ್ನು ನೋಡಿಕೊಳ್ಳುವಾಗ ನಿನಗೂ ಒಂದು ಬದಲಾವಣೆ ಬೇಕು, ಅದೂ ಸರಿ. ಆದರೆ ‘ಬೀಗರು ಹೇಳಿದರು’, ‘ಬೀಗರು ಗಮನಿಸಿದರು’, ‘ಬೀಗರು ವಿವರಿಸಿದ ಮೇಲೆ ಅರ್ಥವಾಯಿತು’ ಎಂದು ಒಂದೇ ಪತ್ರದಲ್ಲಿ ಹನ್ನೊಂದು ಸಲ ಬರೆದಿದ್ದೀಯ. ನಾನು ಪೆನ್ಸಿಲಿನಲ್ಲಿ ಗುರುತು ಹಾಕಿ ಎಣಿಸಿದೆ. ನನ್ನ ಹೆಸರು ಲಕೋಟೆಯ ಮೇಲೆ ಮಾತ್ರ ಇತ್ತು.

ಅವತ್ತಿನಿಂದ ನೀನು ಬರೆದ ಸಿನಿಮಾಗಳನ್ನೆಲ್ಲ ನಾನೂ ನೋಡಲು ಶುರುಮಾಡಿದೆ. ಬುಧವಾರ ಅಂಗಡಿಗೆ ರಜೆ ತಾನೆ, ಮಧ್ಯಾಹ್ನದ ಆಟಕ್ಕೆ ಒಬ್ಬನೇ ಹೋಗುತ್ತೇನೆ. ಬೀಗರಿಗೆ ಕಂಡದ್ದು ನನಗೇಕೆ ಕಾಣುವುದಿಲ್ಲ ನೋಡೇಬಿಡೋಣ ಎಂಬ ಹಟ. ಮೊದಲು ನೋಡಿದ್ದು ದೋಣಿ ನಡೆಸುವ ಗಂಡ ಹೆಂಡತಿಯ ಸಿನಿಮಾ. ಹನ್ನೊಂದು ವರ್ಷ ಒಂದೇ ದೋಣಿಯಲ್ಲಿದ್ದು ಒಬ್ಬರಿಗೊಬ್ಬರು ಮಾತಾಡುವುದಿಲ್ಲ, ಕೊನೆಗೆ ಅವಳು ಹೊರಟುಹೋಗುತ್ತಾಳೆ, ಮನೆಯ ಬಾಗಿಲು ತಾನಾಗಿ ಸ್ವಲ್ಪ ತೆರೆದುಕೊಳ್ಳುತ್ತದೆ. ಅಲ್ಲಿಗೆ ಮುಗಿಯಿತು. ಬಾಗಿಲು ತೆರೆದುಕೊಂಡರೆ ಅವಳು ವಾಪಸು ಬರುತ್ತಾಳೆಂಬ ಸೂಚನೆ ಎಂದು ಬೀಗರು ಹೇಳಿದರಂತೆ, ನಿನಗೆ ಮೈ ಜುಮ್ಮೆಂದಿತಂತೆ. ಪುಟ್ಟಿ ಅಮ್ಮಾ, ಬಾಗಿಲ ವಿಷಯದಲ್ಲಿ ನನ್ನ ಮುಂದೆ ಯಾರೂ ಮಾತಾಡಬಾರದು. ಅದು ತೆರೆದುಕೊಂಡದ್ದು ಚೌಕಟ್ಟು ಓರೆಯಾಗಿ ಕೂತಿದ್ದಕ್ಕೆ. ಮೇಲಿನ ಬಿಜಾಗರಿಗೆ ಒಂದು ಸ್ಕ್ರೂ ಇಲ್ಲ, ನಾನು ಕಣ್ಣಾರೆ ಕಂಡೆ. ಬೀಗರಿಗೆ ಹೇಳು. ಹೇಳಬೇಡ, ಬಿಡು; ಅದಕ್ಕೂ ಅವರು ಏನಾದರೂ ಅರ್ಥ ಹೇಳಿಯಾರು.

ಈಗ ಫೋನಿನ ವಿಷಯ. ಮೂರು ತಿಂಗಳಿಗೆಂದು ಹೋದವಳು ಏಳನೇ ತಿಂಗಳಿಗೆ ಬಂದಿದ್ದೀಯ. ಅವತ್ತು ನೀನು ಫೋನು ಮಾಡಿ, ಪುಟ್ಟಿ ಇನ್ನೂ ಸ್ವಲ್ಪ ದಿನ ಇರು ಎನ್ನುತ್ತಿದ್ದಾಳೆ, ನಾನು ಅಂಗಡಿ ಮುಚ್ಚಿ ಅಲ್ಲಿಗೇ ಬಂದರಾಯಿತು ಎನ್ನುತ್ತಿದ್ದಾಳೆ ಎಂದೆ. ‘ಬೀಗರು ತಮ್ಮ ರೂಮ್ ಬಿಟ್ಟುಕೊಡ್ತಾರಂತೆ ರೀ’ ಎಂದು ಸೇರಿಸಿದೆ. ನನಗೆ ಕೇಳಿಸಿದ್ದು ಬೀಗರು, ರೂಮ್ ಎಂಬ ಎರಡೇ ಮಾತು. ತಲೆಗೆ ರಕ್ತ ನುಗ್ಗಿತು. ‘ಅಷ್ಟು ಚೆನ್ನಾಗಿದ್ರೆ ಅಲ್ಲೇ ಇದ್ದುಬಿಡು, ನಂಗೇನು!’ ಎಂದು ಕೂಗಿ ಇಟ್ಟುಬಿಟ್ಟೆ. ನೀನು ಪೂರ್ತಿ ಏನು ಹೇಳಿದ್ದೆ ಎಂಬುದನ್ನು ಆಮೇಲೆ ಪುಟ್ಟಿ ಮೆಸೇಜಿನಲ್ಲಿ ಬರೆದು ತಿಳಿಸಿದಳು. ನೀನು ಮಾತ್ರ ಮತ್ತೆ ಫೋನು ಮಾಡಲಿಲ್ಲ.

ಮಾರನೇ ದಿನ ಕೊಳಕ್ಕೆ ಹೋದೆ. ಆ ಹೊತ್ತಿಗೆ ಯಾರೂ ಇರಲಿಲ್ಲ, ಮೇಡಂ ಒಬ್ಬರೇ ಅಂಚಿನಲ್ಲಿ ನಿಂತು ಹಗ್ಗ ಸುತ್ತುತ್ತಿದ್ದರು. ನಾನು ಮೈ ಸಡಿಲಿಸಿಕೊಳ್ಳಲು ಒಂದು ಕ್ಷಣವೂ ನಿಲ್ಲದೆ ನೀರಿಗೆ ಬಿದ್ದೆ. ಇವತ್ತು ಈ ಕಡೆಯಿಂದ ಆ ಕಡೆಗೆ ನಿಲ್ಲದೆ ಮುಟ್ಟಿಯೇ ತೀರಬೇಕು ಎಂದುಕೊಂಡೆ. ನನ್ನ ಪಕ್ಕದಲ್ಲಿ ಬೀಗರು ಈಜುತ್ತಿದ್ದರು ಎಂದರೆ ನಗುತ್ತೀಯೇನೋ. ಆಣೆ ಮಾಡಿ ಹೇಳುತ್ತೇನೆ, ನನ್ನ ಕಣ್ಣಿಗೆ ಕಾಣುತ್ತಿದ್ದರು. ಬಿಳಿ ಮೀಸೆ, ನೆಟ್ಟಗಿನ ಬೆನ್ನು, ಒಂದು ಚೂರೂ ಏದುಸಿರಿಲ್ಲ. ನಾನು ಕೈ ಬೀಸಿದೆ, ಬೀಸಿದೆ. ಅರ್ಧ ದಾಟಿತು. ಮುಕ್ಕಾಲು ದಾಟಿತು. ಅಲ್ಲಿ ಉಸಿರು ಕೈಕೊಟ್ಟಿತು. ಎಡಗಾಲಿನ ಮೀನಖಂಡ ಕಲ್ಲಾಯಿತು, ಬಾಯಿ ತೆರೆದರೆ ಗಾಳಿಯ ಬದಲು ನೀರು. ಕಾಲು ಚಾಚಿದರೆ ನೆಲವಿಲ್ಲ. ಮೇಲೆ ಕೊಳದ ಚಾವಣಿಯ ದೀಪಗಳು ಒಂದಕ್ಕೊಂದು ಅಂಟಿಕೊಂಡು ಕಂಡವು. ಪುಟ್ಟಿಯ ಅಮ್ಮನಿಗೆ ನಾನು ಹೇಳಿದ ಕೊನೇ ಮಾತು ಅದೇ ಆಗಿಬಿಡುತ್ತದಲ್ಲ ಎಂದು ಅನ್ನಿಸಿತು. ಅದಕ್ಕಿಂತ ಬೇರೆ ಏನೂ ಅನ್ನಿಸಲಿಲ್ಲ.

ಹೆದರಬೇಡ, ಬರೆಯುತ್ತಿರುವವನು ನಾನೇ. ಮೇಡಂ ಉದ್ದದ ಕೋಲು ಚಾಚಿದರು, ಹಿಡಿದುಕೊಂಡೆ, ಎಳೆದು ಅಂಚಿಗೆ ತಂದರು. ಮೆಟ್ಟಿಲ ಮೇಲೆ ಕೂತು ಕೆಮ್ಮಿದೆ, ಕೆಮ್ಮಿದೆ. ಅವರು ನನ್ನ ಕಾಲು ನೀವುತ್ತ, ಖಾಲಿ ಕೊಳವನ್ನು ಒಮ್ಮೆ ನೋಡಿ, ‘ಯಾರ ಜೊತೆ ಪಂದ್ಯ ಕಟ್ಟಿದ್ರಿ ಯಜಮಾನ್ರೇ?’ ಎಂದು ಕೇಳಿದರು. ರೈಲಿನಲ್ಲಿ ಒಂದೂವರೆ ದಿನ ಹೋಗಬೇಕಾದಷ್ಟು ದೂರದಲ್ಲಿ, ಆ ಹೊತ್ತಿಗೆ ನಮ್ಮ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಹಾಲು ಕುಡಿಸುತ್ತಿದ್ದಿರಬಹುದಾದ ಒಬ್ಬರ ಜೊತೆ ಎಂದು ಹೇಗೆ ಹೇಳಲಿ? ಡಾಕ್ಟರಿಗೆ ತೋರಿಸಿದ್ದೇನೆ, ಎದೆ ಗಟ್ಟಿಯಾಗಿದೆ. ಒಂದು ವಾರ ಹಲಗೆ ಬಿಡಬಾರದು ಎಂದು ಮೇಡಂ ಶಿಕ್ಷೆ ಕೊಟ್ಟಿದ್ದಾರೆ.

ಮೊನ್ನೆ ಬುಧವಾರ, ನೀನು ಕಳೆದ ಪತ್ರದಲ್ಲಿ ಬರೆದಿದ್ದ ಇನ್ನೊಂದು ಸಿನಿಮಾಕ್ಕೆ ಹೋದೆ. ಹೋಟೆಲು ಮುಚ್ಚುವ ಮುದುಕಿಯದು. ಅದನ್ನು ನೋಡಿ ಅತ್ತುಬಿಟ್ಟೆನೆಂದು ನೀನು ಬರೆದಿದ್ದೆ. ಕಣ್ಣೊರೆಸಿಕೊಂಡ ಕರವಸ್ತ್ರ ಯಾರದೆಂದು ಬರೆದಿರಲಿಲ್ಲ, ಅದೂ ನನ್ನನ್ನು ಕೊರೆಯುತ್ತಿತ್ತು. ಒಂದೇ ದಿನದ ಕಥೆ, ನೋಡಿದರೆ ಏನೂ ನಡೆಯುವುದಿಲ್ಲ. ಮುದುಕಿ ಒಂದೊಂದೇ ಮೇಜು ಒರೆಸುತ್ತಾಳೆ, ಕುರ್ಚಿ ಮೇಲೆತ್ತಿಡುತ್ತಾಳೆ. ಬೇರೆ ದಿನವಾಗಿದ್ದರೆ ಎರಡನೇ ಮೇಜಿಗೇ ನನ್ನ ಗೊರಕೆ ಶುರುವಾಗುತ್ತಿತ್ತು. ಕೊನೆಯ ಮೇಜು ಒರೆಸಿದವಳು ಕುರ್ಚಿ ಎತ್ತಿಡದೆ, ತಾನೇ ಗಿರಾಕಿಯ ಹಾಗೆ ಕೂತುಕೊಳ್ಳುತ್ತಾಳೆ. ನಲವತ್ತು ವರ್ಷದಲ್ಲಿ ಅವಳು ಅಲ್ಲಿ ಕೂತದ್ದು ಅದೇ ಮೊದಲು. ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅವಳು ಕುರ್ಚಿಯ ತುದಿಯಲ್ಲಿ ಕೂರುವ ರೀತಿಯಲ್ಲೇ ತಿಳಿಯುತ್ತದೆ. ‘ನೋಡಿದ್ಯಾ?’ ಎಂದು ಪಕ್ಕಕ್ಕೆ ತಿರುಗಿದೆ. ಯಾರೋ ಒಬ್ಬ ದಪ್ಪಗಿನ ಮನುಷ್ಯ ಪಾಪ್‌ಕಾರ್ನ್ ಪೊಟ್ಟಣವನ್ನು ಎದೆಗೆ ಅವಚಿಕೊಂಡು ನನ್ನನ್ನು ದುರುಗುಟ್ಟಿ ನೋಡಿದ, ಅದನ್ನು ಕೇಳುತ್ತಿದ್ದೇನೆ ಎಂದುಕೊಂಡನೋ ಏನೋ.

ಹೊರಗೆ ಬಂದು ಮನೆಯವರೆಗೆ ಒಬ್ಬನೇ ನಡೆದೆ. ಹೇಳುವುದಕ್ಕೆ ಹೊಟ್ಟೆ ತುಂಬ ಮಾತಿತ್ತು, ಕೇಳುವವರಿರಲಿಲ್ಲ. ಆಗ ನನಗೆ ಅರ್ಥವಾಯಿತು. ಮೂವತ್ತನಾಲ್ಕು ವರ್ಷ ಸಿನಿಮಾ ಮುಗಿಸಿ ನೀನು ಹೀಗೇ ನನ್ನ ಪಕ್ಕದಲ್ಲಿ ನಡೆದಿದ್ದೀಯ. ಮೊದಮೊದಲು ‘ಹೇಗಿತ್ತು ರೀ?’ ಎಂದು ಕೇಳುತ್ತಿದ್ದೆ. ನಿದ್ದೆಯಿಂದ ಎದ್ದವನು ನಾನು, ‘ಚೆನ್ನಾಗಿತ್ತು’ ಎನ್ನುತ್ತಿದ್ದೆ. ಯಾವತ್ತು ನೀನು ಕೇಳುವುದನ್ನು ನಿಲ್ಲಿಸಿದೆ ಎಂಬುದು ನನಗೆ ನೆನಪೇ ಇಲ್ಲ. ಬೀಗರು ನಿನ್ನ ಪಕ್ಕ ಎರಡೂವರೆ ಗಂಟೆ ಕೂರುತ್ತಾರಲ್ಲ, ಅದಕ್ಕೆ ನನಗೆ ಹೊಟ್ಟೆಕಿಚ್ಚಿಲ್ಲ. ಅದಾದ ಮೇಲಿನ ಹತ್ತು ನಿಮಿಷದ ದಾರಿಗೆ ಹೊಟ್ಟೆಕಿಚ್ಚು. ಅವರು ನನ್ನಿಂದ ಕಿತ್ತುಕೊಂಡದ್ದು ಏನೂ ಇಲ್ಲ. ನಾನು ತೆಗೆದುಕೊಳ್ಳದೆ ಬಿಟ್ಟದ್ದನ್ನು ಅವರು ತೆಗೆದುಕೊಂಡರು. ಇಷ್ಟು ತಿಳಿದ ಮೇಲೂ ಹೊಟ್ಟೆಕಿಚ್ಚು ಇಳಿದಿಲ್ಲ ಎಂಬುದನ್ನೂ ಬರೆದುಬಿಡುತ್ತೇನೆ. ಇನ್ನೂ ಜಾಸ್ತಿಯೇ ಆಗಿದೆ.

ಫೋನಿನಲ್ಲಿ ಆಡಿದ ಮಾತು ತಪ್ಪು. ಅಲ್ಲಿ ಇರಬೇಕೆಂದು ನಿನಗೆ ನಿಜವಾಗಿ ಅನ್ನಿಸಿದರೆ ಇರು, ಅದು ಬೇರೆ ವಿಷಯ. ನಾನು ಹೇಳಿದೆನೆಂದು, ಮುನಿದುಕೊಂಡು ಇರಬೇಡ. ಅಂಗಡಿ ಮುಚ್ಚುವ ಮಾತಿಗೆ ನನ್ನ ಹತ್ತಿರ ಇನ್ನೂ ಉತ್ತರವಿಲ್ಲ. ಬೆಂಚು, ಉಳಿ, ಗರಗಸ ಬಿಟ್ಟು ನಾನು ಯಾರು ಎಂಬುದು ನನಗೇ ಗೊತ್ತಿಲ್ಲ. ಆ ವಿಷಯ ಎದುರುಬದುರು ಕೂತು ಮಾತಾಡೋಣ. ನೀನು ನನ್ನ ಬಲಗಿವಿಯ ಕಡೆ ಕೂರು, ಅದರಲ್ಲಿ ಸ್ವಲ್ಪ ಜೀವ ಇದೆ.

ಕೂಸಿನ ಎರಡೂ ಕೆನ್ನೆಗೆ ನನ್ನ ಮುತ್ತು, ಮೀಸೆ ಚುಚ್ಚದ ಹಾಗೆ ನೀನೇ ಕೊಡು. ಪುಟ್ಟಿಗೂ ಅಳಿಯಂದಿರಿಗೂ ಆಶೀರ್ವಾದ, ಪಾಳಿ ಎಂದು ಊಟ ಬಿಡಬಾರದೆಂದು ಪುಟ್ಟಿಗೆ ಗದರಿಸಿ ಹೇಳು. ಬೀಗರಿಗೆ ನಮಸ್ಕಾರ. ಮನಸ್ಸಿನಿಂದಲೇ ಬರೆದಿದ್ದೇನೆ, ಆದರೆ ಒಂದೇ ನಮಸ್ಕಾರ.

ನಿನ್ನವನೇ,
ಪುಟ್ಟಿ ಅಪ್ಪ

ಮರೆತಿದ್ದೆ: ಅಂಚೆ ಡಬ್ಬಿ ತೆಗೆಯುವ ಹೊತ್ತಾಯಿತು, ಆದ್ದರಿಂದ ಬೇಗ ಬೇಗ ಬರೆಯುತ್ತಿದ್ದೇನೆ. ಗುರುವಾರದ ರೈಲಿಗೆ ಹೊರಟಿದ್ದೇನೆ. ಅಂಗಡಿಯ ಕೀಲಿಯನ್ನು ಪಾಲುದಾರನಿಗೆ ಒಂದು ತಿಂಗಳಿಗೆ ಕೊಟ್ಟಾಯಿತು. ಶುಕ್ರವಾರ ಸಂಜೆ ಇಳಿಯುತ್ತೇನೆ, ಸ್ಟೇಷನ್ನಿಗೆ ನೀನೇ ಬಾ, ಬೇರೆ ಯಾರನ್ನೂ ಕಳಿಸಬೇಡ. ಭಾನುವಾರಕ್ಕೆ ಮೂರು ಟಿಕೆಟ್ ತೆಗೆಸಿಡಲು ಬೀಗರಿಗೆ ಹೇಳು. ಯಾವ ಸಿನಿಮಾ ಆದರೂ ಸರಿ, ಅವರೇ ಆರಿಸಲಿ, ಆಮೇಲೆ ಎಷ್ಟು ಬೇಕಾದರೂ ವಿವರಿಸಲಿ, ನಾನೂ ಕೇಳುತ್ತೇನೆ. ಆದರೆ ನಡುವಿನ ಸೀಟು ನನ್ನದು. ಇದರಲ್ಲಿ ಚೌಕಾಸಿ ಇಲ್ಲ.