ವಾದ್ಯವಿಲ್ಲದೆ ನಡೆದ ಮದುವೆ ಕುದುರೆ

ಗುಂಡ್ಲುಪೇಟೆ
12-2-2006

ಮೈದುನ ಶಿವಮೂರ್ತಿಗೆ ಆಶೀರ್ವಾದಗಳು.

ನಾನು ಸಂತೆಮರಹಳ್ಳಿ ದೊಡ್ಡಮನೆಯ ಹಿರಿಸೊಸೆ, ಹೈಸ್ಕೂಲು ಓದಿದವಳು, ಯಾರ ಮುಂದೆಯೂ ಕೈಚಾಚಿದವಳಲ್ಲ. ಹಣ ಕೂಡಿಸಲು ಹೊರಟಾಗ ಮನೆಯ ಮಾನ ಬೀದಿಗೆ ತರಬೇಡಿ ಅತ್ತಿಗೆ ಎಂದು ನೀನು ಹೇಳಿದ್ದು ಮರೆತಿಲ್ಲ.

ಈ ಊರಿನ ಈರುಳ್ಳಿ ಮಂಡಿಯಲ್ಲಿ ಮೂಟೆ ಬಿಚ್ಚಿ ನೋಡದೆ ಯಾರೂ ಬೆಲೆ ಕಟ್ಟುವುದಿಲ್ಲ. ಮೊಮ್ಮಗಳು ರಂಜಿನಿ ಅಂಗವಿಕಲರ ಕುದುರೆ ಸವಾರಿ ಸ್ಪರ್ಧೆಗೆ ದೆಹಲಿಗೆ ಹೋಗಬೇಕು, ಸಹಾಯ ಮಾಡಿ ಎಂದೆ. "ಪೋಲಿಯೋ ಕಾಲಿನ ಕೂಸು ಕುದ್ರೆ ಅತ್ತದಾ? ನೋಡ್ದೆ ಕಾಸು ಬಿಚ್ಚಲ್ಲ ಕಣವ್ವ" ಎಂದು ದಲ್ಲಾಳಿ ನಕ್ಕ. ರಂಜಿನಿ ಜೊತೆಗೇ ಇದ್ದಳು, ಮದುವೆ ಮೆರವಣಿಗೆಯ ಕುದುರೆಯೊಂದನ್ನು ಅಲ್ಲಿಗೇ ತರಿಸಿದೆ.

"ಬಿದ್ಬುಟ್ರೆ ಏನವ್ವ ಗತಿ?" ಎಂದ ಹಮಾಲಿ.

"ಬಿದ್ದೂ ಬಿದ್ದೂ ಕಲ್ತವ್ಳು ಅವ್ಳು. ನೀನು ಮೂಟೆ ಜೋಡ್ಸು" ಎಂದೆ.

ಮೂಟೆಗಳನ್ನೇ ಮೆಟ್ಟಿಲು ಮಾಡಿಕೊಂಡು ರಂಜಿನಿ ಹತ್ತಿ ಕೂತಳು. ವಾದ್ಯ ಕೇಳಿಸದೆ ಆ ಕುದುರೆ ಹೆಜ್ಜೆ ಎತ್ತುವುದಿಲ್ಲವಂತೆ. ಎಲ್ಲರೂ ನಕ್ಕರು. ಇವಳು ಅದರ ಕತ್ತು ಸವರಿ, ಬೆನ್ನು ನೆಟ್ಟಗೆ ಮಾಡಿ, ಲಗಾಮು ಸಡಿಲಿಸಿದಳು. ಈರುಳ್ಳಿ ರಾಶಿಗಳ ನಡುವೆ ಕುದುರೆ ಹೇಳಿದಂತೆ ಕೇಳಿ ಸುತ್ತು ಬಂತು. ಕೇರಳದ ಲಾರಿ ಡ್ರೈವರುಗಳೂ ಇಳಿದು ನಿಂತು ನೋಡಿದರು. ಮೊದಲು ನೋಟು ಹಿಡಿದು ಬಂದವನು ಆ ದಲ್ಲಾಳಿಯೇ.

ಹಣ ಸಾಲುತ್ತದೆ, ರೈಲಿನ ಟಿಕೆಟ್ಟು ತೆಗೆಸಿಯಾಯಿತು. ನನ್ನ ಸೊಂಟನೋವು ಪರವಾಗಿಲ್ಲ. ಬಸ್ಸು ಬಂತು, ಇನ್ನೊಂದೇ ಮಾತು. ಬೇರೆಯವರಿಂದ ಕೇಳುವ ಮೊದಲು ನನ್ನಿಂದಲೇ ಕೇಳು: ಹಣ ಹಾಕಿಸಿಕೊಳ್ಳಲು ಡಬ್ಬಿ ತಂದಿರಲಿಲ್ಲ, ಮಂಡಿಯ ನಡುವೆ ನಿಂತು ನಾನೇ ಸೆರಗೊಡ್ಡಿದೆ.

ನಿನ್ನ ಅತ್ತಿಗೆ
ಪುಟ್ಟಸಿದ್ದಮ್ಮ