ಕಾಲಿಗೆ ಕಟ್ಟಿದ ಪುಗ್ಗಾ

ಆಳಂದ
೧-೪-೨೦೨೫, ಮಂಗಳವಾರ

ಪ್ರೀತಿಯ ಮಗಳು ವಿದ್ಯಾವತಿಗೆ,

ಜೇವರ್ಗಿಯಲ್ಲಿ ನೀವೆಲ್ಲ ಹೇಗಿದ್ದೀರಿ? ಥೈರಾಯ್ಡ್ ಗುಳಿಗೆಯನ್ನು ಬರಿ ಹೊಟ್ಟೆಯಲ್ಲಿ ತೆಗೆದುಕೊಳ್ಳುತ್ತಿದ್ದೀಯೋ, ಇಲ್ಲ ಚಹಾ ಕುಡಿದ ಮೇಲೆ ನೆನಪಾಗುತ್ತದೋ? ಅಳಿಯಂದಿರ ಬೆನ್ನುನೋವು ಇಳಿಯಿತೇ? ನಾನು ಆರಾಮ ಇದ್ದೇನೆ. ಮೊಣಕಾಲು ಗಟ್ಟಿ ಇವೆ. ಇದನ್ನು ಮೊದಲೇ ಬರೆಯುವುದಕ್ಕೆ ಕಾರಣವಿದೆ; ನಿನ್ನ ಅಣ್ಣ ಜಗದೇವಪ್ಪ ನಿನಗೆ ಬೇರೆಯೇ ಹೇಳಿರುತ್ತಾನೆ. ನನ್ನ ಫೋನು ರಿಪೇರಿಗೆ ಹೋಗಿದೆ ಅಂತಲೂ ಹೇಳಿರಬಹುದು. ಅದು ಎಲ್ಲಿಗೂ ಹೋಗಿಲ್ಲ, ಅವನ ಕಪಾಟಿನಲ್ಲಿದೆ. ಮೊದಲ ಮೂರು ದಿನ ಸಂಜೆ ಏಳಕ್ಕೆ, ನೀನು ಕರೆ ಮಾಡುವ ಹೊತ್ತಿಗೆ, ಒಳಗಿನಿಂದ ಅದರ ಸದ್ದು ಕೇಳುತ್ತಿತ್ತು. ಆಮೇಲೆ ಚಾರ್ಜು ಮುಗಿಯಿತು. ಈಗ ಅವನ ಫೋನಿನಲ್ಲಿ ನಿನ್ನ ಕೂಡ ಮಾತಾಡುವಾಗ ಅವನು ಸ್ಪೀಕರ್ ಹಾಕಿ ಎದುರಿಗೇ ಕೂಡುತ್ತಾನೆ. ಅದಕ್ಕೇ ಯುಗಾದಿಯ ದಿನ ಊಟ ಆಯಿತೇ ಎಂಬುದು ಬಿಟ್ಟರೆ ನನ್ನ ಬಾಯಿಂದ ಏನೂ ಬರಲಿಲ್ಲ. ಬೇಸರ ಮಾಡಿಕೊಳ್ಳಬೇಡ.

ನಡೆದದ್ದನ್ನು ಮೊದಲಿನಿಂದ ಹೇಳುತ್ತೇನೆ. ಮಾರ್ಚ್ ಎಂಟಕ್ಕೆ, ಮಹಿಳಾ ದಿನವೆಂದು, ನಮ್ಮ ಓಣಿಯ ಮಹಿಳಾ ಸಂಘದವರು ಶಾಲೆಯ ಮೈದಾನದಲ್ಲಿ ಆಟ ಇಟ್ಟಿದ್ದರು. ಸಂಘದ ಮುಖ್ಯಸ್ಥೆ ಫಕ್ರುನ್ನಿಸಾ ಅವರು, ನಾನು ಹಿರೋಳ್ಳಿಯಲ್ಲಿ ಅಂಗನವಾಡಿ ನಡೆಸುತ್ತಿದ್ದಾಗ ನಮಗೆ ಮೇಲ್ವಿಚಾರಕಿಯಾಗಿದ್ದವರು. ಬಂದು ಹೇಳಿದರು, “ಬಾಯಿಯವರ, ಪುಗ್ಗಾ ಒಡಿಯೋ ಆಟಕ್ಕ ನಿಯಮ ನೀವಾ ಬರದು ಕೊಡ್ರಿ. ಹೋದ ವರ್ಷ ಜಗಳ ಆಗಿ ಇಬ್ಬರು ಇನ್ನಾ ಮಾತು ಬಿಟ್ಟಾರ.” ಮೂವತ್ತೊಂದು ವರ್ಷ ಮಕ್ಕಳಿಗೆ ಆಟ ಆಡಿಸಿದವಳು ನಾನು. ಒಂದು ಹಾಳೆ ತುಂಬ ಬರೆದೆ. ಬಲಗಾಲಿನ ಹರಡಿಗೆ ಒಂದು ಗೇಣು ದಾರದಲ್ಲಿ ಗಾಳಿ ತುಂಬಿದ ಪುಗ್ಗಾ ಕಟ್ಟಿಕೊಳ್ಳಬೇಕು. ತನ್ನದನ್ನು ಕಾಯ್ದುಕೊಂಡು ಬೇರೆಯವರದನ್ನು ತುಳಿದು ಒಡೆಯಬೇಕು. ಕೈ ಬೆನ್ನ ಹಿಂದೆ, ಕಾಲು ಬರಿಗಾಲು. ಸುಣ್ಣದ ಗೆರೆ ದಾಟಿದವರು ಔಟು. ಬಿಸಿಲಿಗೆ ತಾನಾಗಿಯೇ ಒಡೆದರೂ ಔಟೇ, ಅದಕ್ಕೆ ಬಿಸಿಲನ್ನು ಬಯ್ಯಬೇಕೇ ಹೊರತು ಪಕ್ಕದವಳನ್ನಲ್ಲ. ಇಬ್ಬರು ಕೂಡಿ ಒಬ್ಬಳ ಮೇಲೆ ಹೋಗಬಾರದು. ಸೀರೆಯ ಅಂಚು ತುಳಿಯಬಾರದು. ಯಾರಾದರೂ ಬಿದ್ದರೆ ಅವಳು ಎದ್ದು ನಿಲ್ಲುವ ತನಕ ಎಲ್ಲರೂ ನಿಲ್ಲಬೇಕು. ಹಿಂದಿನಿಂದ ಹೋಗುವವಳು ಬಂದೆ ಎಂದು ಹೇಳಿಯೇ ಹೋಗಬೇಕು. ತನ್ನ ಪುಗ್ಗಾ ಒಡೆಸಿಕೊಂಡವಳು, ಒಡೆದವಳಿಗೆ ಕೈ ಮುಗಿದು ಹೊರಗೆ ನಡೆಯಬೇಕು. ಮೈದಾನದಲ್ಲಿ ಓದಿದಾಗ ಕೊನೆಯ ಸಾಲಿಗೆ ಎಲ್ಲ ಹೆಂಗಸರೂ ನಕ್ಕರು: ಅತ್ತೆ-ಸೊಸೆ ಒಂದೇ ಸುತ್ತಿನಲ್ಲಿದ್ದರೆ ಸೊಸೆ ಅತ್ತೆಯದನ್ನು ಒಡೆಯಬಹುದು, ಅದನ್ನು ಅತ್ತೆ ಮನೆಗೆ ಒಯ್ಯಬಾರದು.

ನಾನು ಸೀಟಿ ಊದಲು ಹೋದವಳು. ಆದರೆ ಎರಡನೆಯ ಗುಂಪಿನಲ್ಲಿ ಒಬ್ಬರು ಕಡಿಮೆ ಬಿದ್ದರು. “ನೀವಾ ನಿಂದರ್ರಿ,” ಎಂದು ಫಕ್ರುನ್ನಿಸಾ ಅವರೇ ಬಗ್ಗಿ ನನ್ನ ಕಾಲಿಗೆ ದಾರ ಕಟ್ಟಿದರು. ಸೀರೆ ಎತ್ತಿ ಸಿಕ್ಕಿಸಿಕೊಂಡೆ. ವಿದ್ಯಾ, ನಿಮ್ಮಪ್ಪ ಹೋದ ಮೇಲೆ ಅಷ್ಟು ನಕ್ಕಿರಲಿಲ್ಲ. ಒಬ್ಬೊಬ್ಬರೇ ಹೊರಗೆ ಹೋಗಿ ಕಡೆಗೆ ನಾನು ಮತ್ತು ಶಾಹೀನ ಎಂಬ ನರ್ಸ್ ಹುಡುಗಿ ಉಳಿದೆವು. ಅವಳಿಗೆ ಇಪ್ಪತ್ಮೂರು, ನನಗೆ ಅರವತ್ಮೂರು. ಅವಳು ಜಿಗಿದಳು, ನಾನು ಕಾಲು ಎಳೆದುಕೊಂಡು ತಿರುಗಿದೆ, ಅವಳದು ನನ್ನ ಹಿಮ್ಮಡಿಯ ಕೆಳಗೆ ಒಡೆಯಿತು. ಕೈ ಮುಗಿಯುವ ಬದಲು ಆ ಹುಡುಗಿ ನನ್ನನ್ನು ಅಪ್ಪಿಕೊಂಡಳು.

ಅದನ್ನು ಯಾರೋ ವಿಡಿಯೋ ಮಾಡಿದ್ದರು. ಸಂಜೆಯ ಹೊತ್ತಿಗೆ ಬಜಾರದಲ್ಲಿ ತೊಗರಿ ತೂಗುವ ಹಮಾಲರ ಫೋನಿಗೂ ಬಂದಿತ್ತಂತೆ. ನಿನ್ನವ್ವ ಚಲೋ ಕುಣೀತಾಳ ಎಂದು ಯಾರೋ ನಿನ್ನ ಅಣ್ಣನ ಅಡತ ಅಂಗಡಿಗೇ ಬಂದು ಅಂದಿದ್ದಾರೆ. ಅವನು ಮನೆಗೆ ಬಂದು ಕೂಗಾಡಲಿಲ್ಲ. ಚಪ್ಪಲಿ ಬಿಡದೆ ಬಾಗಿಲಲ್ಲಿ ನಿಂತು, “ಅವ್ವಾ, ಅಪ್ಪ ಹೋಗಿ ಇನ್ನಾ ಎರಡು ವರ್ಷ ತುಂಬಿಲ್ಲ. ನೀ ಮಂದ್ಯಾಗ ಸೀರಿ ಎತ್ತಿ ಕುಣಿದ್ರ ನಾ ಬಜಾರದಾಗ ಹೆಂಗ ಕುಂದರಲಿ?” ಎಂದ. ಅವನ ಕಣ್ಣಲ್ಲಿ ನೀರಿತ್ತು. ಮರುದಿನ ಗೇಟಿಗೆ ಬೀಗ ಬಿತ್ತು. ಓಣಿಯಲ್ಲಿ ನಾಯಿ ಹೆಚ್ಚಾಗಿವೆ ಎಂದು ನೆಪ. ನನ್ನ ಫೋನೂ ಅಂದೇ ಅವನ ಕಪಾಟು ಸೇರಿತು. ಬಸವಣ್ಣನ ಫೋಟೋದ ಮುಂದೆ, ಅವ್ವ ಬಳೆ ತೆಗೆಯುವುದು ಬೇಡ ಎಂದು ನಿಮ್ಮಪ್ಪನಿಗೆ ಮಾತು ಕೊಟ್ಟವನೂ ಇವನೇ. ಬಳೆ ಉಳಿದವು.

ಅವನು ಕೆಟ್ಟವನಲ್ಲ. ದಾಳಿಂಬೆ ತರುತ್ತಾನೆ, ನನ್ನ ಬಿ.ಪಿ. ಗುಳಿಗೆ ತರುವುದು ತಪ್ಪಿಸುವುದಿಲ್ಲ, ಏನು ಬೇಕು ಕೇಳವ್ವಾ ಎನ್ನುತ್ತಾನೆ. ಬೀಗ ತೆಗೆ ಅಂದೆ. “ಅದೊಂದು ಬಿಟ್ಟು ಕೇಳು,” ಅಂದ. ದಿನಕ್ಕೆ ನಲವತ್ತು ಸಲ ನೀರಿನ ಟಾಕಿಯಿಂದ ಬೇವಿನ ಗಿಡದ ತನಕ ತಿರುಗುತ್ತೇನೆ. ಇವತ್ತಿಗೆ ಇಪ್ಪತ್ಮೂರು ದಿನ.

ಮೊನ್ನೆ ಫಕ್ರುನ್ನಿಸಾ ಅವರು ಗೇಟಿನ ಹತ್ತಿರ ಬಂದಿದ್ದರು. ಶನಿವಾರ ಅಫಜಲಪುರದಲ್ಲಿ ಅಂಗನವಾಡಿಯವರಿಗೆ ಒಂದು ದಿನದ ಶಿಬಿರ, ನಾನು ಈ ಆಟ ಹೇಳಿಕೊಡಬೇಕಂತೆ. ನಿನ್ನ ಅಣ್ಣ ಬೀಗ ತೆಗೆಯದೆ ಸರಳಿನ ಈಚೆಯಿಂದಲೇ, “ಅವ್ವನ ಮೊಣಕಾಲು ಹೋಗ್ಯಾವ್ರಿ, ಏಳಾಕ ಬರಂಗಿಲ್ಲ,” ಎಂದ. ನಾನು ಪರದೆಯ ಹಿಂದೆ ಎದ್ದೇ ನಿಂತಿದ್ದೆ. ನಾಲ್ಕು ಹೆಜ್ಜೆ ಇಟ್ಟಿದ್ದರೆ ಸಾಕಿತ್ತು, ಕೆಮ್ಮಿದ್ದರೂ ಸಾಕಿತ್ತು. ಮಗನ ಮಾತು ಸುಳ್ಳಾದೀತಲ್ಲ ಎಂದು ಸುಮ್ಮನಾದೆ. ಮಕ್ಕಳಿಗೆ ಗಟ್ಟಿಯಾಗಿ ಹೇಳು, ಗಟ್ಟಿಯಾಗಿ ಹೇಳು ಎಂದು ಇಷ್ಟು ವರ್ಷ ಕಲಿಸಿದವಳು ನಾನು. ಆ ನಾಚಿಕೆಯನ್ನು ನಿನಗೊಬ್ಬಳಿಗೇ ಬರೆಯುತ್ತಿದ್ದೇನೆ.

ನಿನ್ನ ಅತ್ತಿಗೆ ಶೈಲಶ್ರೀ ಅದನ್ನು ನೋಡಿದ್ದಳು. ಕೀಲಿ ಇರುವುದು ಅವಳ ಸೊಂಟದಲ್ಲಿ. ಇಷ್ಟು ದಿನ “ಅತ್ತಿ, ನನಗ ಕೇಳಬ್ಯಾಡ್ರಿ,” ಎಂದು ಅಡುಗೆಮನೆಗೆ ಹೋಗುತ್ತಿದ್ದವಳು, ನಿನ್ನೆ ಮಧ್ಯಾಹ್ನ ಮಗಳ ಹುಟ್ಟುಹಬ್ಬದಲ್ಲಿ ಉಳಿದಿದ್ದ ಎರಡು ಪುಗ್ಗಾ ಊದಿ ತಂದು, “ಆ ಆಟ ನನಗೂ ಹೇಳಿಕೊಡ್ತೀರೇನ್ರಿ?” ಅಂದಳು. ಮಾಳಿಗೆಗೆ ಹೋದೆವು. ಪಾಪ, ಅವಳಿಗೆ ಕೈ ಬೆನ್ನ ಹಿಂದೆ ನಿಲ್ಲುವುದಿಲ್ಲ, ಸೆರಗಿಗೇ ಹೋಗುತ್ತವೆ. ಬಂದೆ ಎನ್ನುವುದಕ್ಕೆ ಬಂದೇನ್ರಿ ಎಂದು ಕೇಳುತ್ತಾಳೆ. ಕೇಳಬಾರದು, ಹೇಳಬೇಕು ಎಂದೆ. ಮೂರನೆಯ ಸಲಕ್ಕೆ ನನ್ನದನ್ನು ತುಳಿದಳು. ಸದ್ದಿಗೆ ತಾನೇ ಬೆಚ್ಚಿ, ಆಮೇಲೆ ಗೋಡೆಯ ನೆರಳಲ್ಲಿ ಕೂತಳು. ಈ ಆರು ವರ್ಷದಲ್ಲಿ ಬಸ್ ಸ್ಟ್ಯಾಂಡಿಗೆ ಒಬ್ಬಳೇ ಹೋಗಿದ್ದು ಎರಡೇ ಸಲ ಎಂದಳು. ನಾನು ಎಂದೂ ಅವಳನ್ನು ಕೇಳಿರಲಿಲ್ಲ.

ಮೊಮ್ಮಕ್ಕಳಿಗೆ ಮುತ್ತು ಕೊಡು. ಅಳಿಯಂದಿರಿಗೆ ನನ್ನ ಶರಣು ಹೇಳು. ನೀನು ನಡೆದ ಕಡೆ ದಾರಿಯಾಗಲಿ.

ನಿನ್ನ ಅವ್ವ,
ಸುಭದ್ರಾಬಾಯಿ

ತಾ.ಕ.: ಬಾಜು ಮನೆಯ ಜೈತುನಬಿ ಇದನ್ನು ಅಂಚೆಗೆ ಹಾಕಲು ಗೋಡೆಯಾಚೆ ಬಂದು ನಿಂತಿದ್ದಾಳೆ, ಅವಸರದಲ್ಲಿ ಬರೆಯುತ್ತೇನೆ. ಶನಿವಾರ ಬೆಳಿಗ್ಗೆ ನಿನ್ನ ಅಣ್ಣ ಅಂಗಡಿಗೆ ಹೋದ ಮೇಲೆ ನಾನು ಅಫಜಲಪುರಕ್ಕೆ ಹೊರಡುತ್ತೇನೆ, ಶಿಬಿರ ಮುಗಿಸಿ ನಿನ್ನ ಮನೆಗೆ ಬರುತ್ತೇನೆ. “ಕೀಲಿ ನಾನಾ ತೆಗಿತೇನ್ರಿ ಅತ್ತಿ,” ಎಂದು ಶೈಲಶ್ರೀ ಈಗಷ್ಟೇ ಹೇಳಿ ಹೋದಳು. ಕೂಡಿ ಬಾ ಎಂದರೆ ಒಲ್ಲೆ ಅಂದಳು, ಮಗಳು ಶಾಲೆಯಿಂದ ಬರುತ್ತಾಳಲ್ಲ. ಅಣ್ಣ ನಿನಗೆ ಫೋನು ಮಾಡಿಯೇ ಮಾಡುತ್ತಾನೆ. ಅವ್ವ ಕೀಲಿ ಕಿತ್ತುಕೊಂಡು ಹೋದಳಂತೆ, ಶೈಲಾ ಅಡ್ಡ ನಿಂತರೂ ಕೇಳಲಿಲ್ಲವಂತೆ ಎಂದು ಹೇಳು. ನಿನಗೆ ಸುಳ್ಳು ಹೇಳು ಎನ್ನುತ್ತಿರುವುದು ಇದೇ ಮೊದಲು. ನಾನು ಬಸ್ಸು ಹತ್ತಿದ ಮೇಲೂ ಅವಳು ಆ ಮನೆಯಲ್ಲೇ ಇರಬೇಕಲ್ಲ.