ಎದುರಿಗೆ ಕೂತರೆ ಹಾಡದ ಹಕ್ಕಿ

ಹಿಂದೂಪುರ
೧೨ ಮಾರ್ಚ್ ೨೦೨೫, ಬುಧವಾರ

ಮುದ್ದಿನ ಮಗಳು ಕೀರ್ತನಾಗೆ ಚಿಕ್ಕಪ್ಪನ ಆಶೀರ್ವಾದ.

ಹಾಸ್ಟೆಲಿನ ಊಟ ಒಗ್ಗಿತೇನಮ್ಮಾ? ಕಲ್ಯಾಣದುರ್ಗದ ಬಿಸಿಲಿಗೆ ತಲೆನೋವು ಬಂದಿಲ್ಲ ತಾನೆ? ಅಜ್ಜಿಗೆ ಹುಷಾರಿಲ್ಲ, ಭಾನುವಾರ ಬಂದು ನೋಡಿಕೊಂಡು ಹೋಗು ಅಂತ ನಿಮ್ಮಮ್ಮ ಫೋನು ಮಾಡಿರಬೇಕು. ಆ ವಿಚಾರಕ್ಕೆ ಆಮೇಲೆ ಬರುತ್ತೇನೆ. ಮೊದಲು ನನ್ನ ಹಕ್ಕಿಯ ಸುದ್ದಿ ಕೇಳು.

ಶಿವರಾತ್ರಿ ಕಳೆದಾಗಿನಿಂದ ನಮ್ಮ ಹಿತ್ತಲ ಹೊಂಗೆ ಮರದಡಿಗೆ ಒಂದು ಸಿಳ್ಳಾರ ಬರುತ್ತಿದೆ. ತಲೆ, ಎದೆ ಕಿತ್ತಳೆ ಬಣ್ಣ, ಬೆನ್ನು ಬೂದಿ. ಬಚ್ಚಲ ನೀರು ಹರಿಯುವ ತಂಪಿನಲ್ಲಿ ಉದುರಿದ ಎಲೆಗಳನ್ನು ಕೊಕ್ಕಿನಿಂದ ಎತ್ತಿ ಎತ್ತಿ ಎಸೆದು ಹುಳ ಹುಡುಕುತ್ತದೆ. ಒಂದಿಷ್ಟು ಓಡುತ್ತದೆ, ಗಕ್ಕನೆ ನಿಂತು ಕಿವಿಗೊಡುತ್ತದೆ, ಮತ್ತೆ ಓಡುತ್ತದೆ. ಯಾರೂ ಇಲ್ಲವೆಂದು ಖಾತ್ರಿಯಾದರೆ ಮರೆಗೆ ಹೋಗಿ ಹಾಡುತ್ತದೆ. ಬುಲ್‌ಬುಲ್‌ ರಾಗವನ್ನೂ ಕದ್ದಿದೆ, ನನ್ನ ಸಿಳ್ಳೆಯನ್ನೂ ಕದ್ದಿದೆ. ಅದಕ್ಕೆ ಗುರು ನಾನೇ ಕಣಮ್ಮ. ಏಳನೇ ಕ್ಲಾಸಿನಲ್ಲೇ ಮೇಷ್ಟ್ರು, "ನಿಂಗೆ ಕಲಿಸೋದು ನನ್ನ ಕೈಲಾಗಲ್ಲ" ಅಂದಿದ್ದು ಸುಮ್ಮನೆಯೇ?

ನಿಮ್ಮಮ್ಮ, ನಮ್ಮ ಅತ್ತಿಗೆಗೆ ಮಾತ್ರ ಆ ಎಲೆಯೆಲ್ಲ ಕಸ. ಭಾನುವಾರದೊಳಗೆ ಹಿತ್ತಲು ಗುಡಿಸಲೇಬೇಕಂತೆ. "ಪಿಟ್ಟ ಕೋಸಂ ಚೆತ್ತ ಕಾಯ್ತಾ ಕುಂತವ್ನೆ! ಹಕ್ಕಿಗೋಸ್ಕರ ಕಸ ಕಾಯೋರುಂಟಾ! ಪೊರಕೆ ಎಲ್ಲಿ ಬಚ್ಚಿಟ್ಬುಟ್ಟೆ, ಹೇಳಪ್ಪ!" ಎಂದು ಬೆಳಿಗ್ಗೆಯಿಂದ ನನ್ನ ಹಿಂದೆಯೇ ತಿರುಗುತ್ತಿದ್ದಾರೆ.

ನಿನ್ನೆ ಪಕ್ಕದ ಮನೆ ವರಲಕ್ಷ್ಮಮ್ಮ ಹಾಡು ಕೇಳಲೆಂದು ಮನೆಮಂದಿಯನ್ನೆಲ್ಲ ಕರೆತಂದು ಕುರ್ಚಿ ಹಾಕಿಸಿ ಕೂತರು. ಹಕ್ಕಿ ಕಲ್ಲಿನಂತೆ ನಿಂತುಬಿಟ್ಟಿತು. "ಏನ್ಲಾ ಓಬುಳೇಸ, ನಿನ್ ಪಿಟ್ಟ ಮೂಗಿ ಕಣ್ಲಾ!" ಎಂದು ನಕ್ಕರು. "ಸಾಲಾಗಿ ಕುಂತು ಕಣ್ಣಲ್ಲೇ ತೂಗಿದ್ರೆ ಯಾರ್ ಹಾಡ್ತಾರಕ್ಕ?" ಅಂದೆ. ಅಂದದ್ದು ಆಕೆಗೆ, ಮುಖ ಸಪ್ಪಗಾದದ್ದು ಅತ್ತಿಗೆಯದು. ಆಗಿನಿಂದ ನನಗೂ ಕೂತಲ್ಲಿ ಕೂರಲಾಗುತ್ತಿಲ್ಲ. ಆ ಹಕ್ಕಿಯ ಹಾಗೆಯೇ ನಾಲ್ಕು ಹೆಜ್ಜೆ ಓಡುವುದು, ನಿಲ್ಲುವುದು.

ಫೋನಿನಲ್ಲಿ ಹೇಳೋಣವೆಂದರೆ ಅತ್ತಿಗೆಯ ಕಿವಿ ನನ್ನ ಜೇಬಿನಲ್ಲೇ ಇರುತ್ತದೆ. ಅದಕ್ಕೇ ಕಲ್ಯಾಣದುರ್ಗಕ್ಕೆ ಹೊರಟಿರುವ ನಮ್ಮ ರಾಮಾಂಜಿ ಕೈಯಲ್ಲಿ ಈ ಕಾಗದ. ಬಸ್ಸಿಗೆ ಹೊತ್ತಾಯಿತೆಂದು ಕುಣಿಯುತ್ತಿದ್ದಾನೆ. ಹೊತ್ತಿಗೆ ಸರಿಯಾಗಿ ಉಣ್ಣು, ನೂರು ಕಾಲ ಬಾಳು.

ನಿನ್ನ ಚಿಕ್ಕಪ್ಪ
ಓಬುಳೇಶ್

ತಾ.ಕ.: ಅಜ್ಜಿ ಎರಡು ಮುದ್ದೆ ನುಂಗಿ ಮೂರನೆಯದಕ್ಕೆ ಸಾರು ಕೇಳುತ್ತಿದೆ. ಭಾನುವಾರ ರೊದ್ದಂ ಊರಿನ ಗಂಡಿನ ಕಡೆಯವರು ನಿನ್ನನ್ನು ನೋಡಲು ಬರುತ್ತಿದ್ದಾರೆ. ಬರೋದು, ಬಿಡೋದು ನೀನೇ ಹೇಳಬೇಕು. ನಿನ್ನ ಮಾತು ಬರುವ ತನಕ ಈ ಮನೆಯಲ್ಲಿ ಪೊರಕೆ ಸಿಗಲ್ಲ.